ಸರ್ವರ್ ಆಟಗಾರರದು, ಷರತ್ತು ಕಂಪನಿಯದು

ಹತ್ತಾರು ಜನ ಬೇರೆ ಬೇರೆ ಊರುಗಳಲ್ಲಿ ಕುಳಿತು ಒಂದೇ ಆಟ ಆಡಬೇಕಾದರೆ, ಅವರೆಲ್ಲರ ಚಲನವಲನದ ಲೆಕ್ಕ ಇಡುವ ಕಂಪ್ಯೂಟರೊಂದು ಎಲ್ಲೋ ಒಂದು ಕಡೆ ಹಗಲು ರಾತ್ರಿ ನಡೆಯುತ್ತಿರಬೇಕು. ಅದೇ ಸರ್ವರ್. ಬಿಜಿಎಂಐ, ಫ್ರೀ ಫೈರ್ ಮ್ಯಾಕ್ಸ್‌ನಂಥ ಮೊಬೈಲ್ ಆಟಗಳಲ್ಲಿ ಈ ಸರ್ವರುಗಳೆಲ್ಲ ಕಂಪನಿಯ ಕೈಯಲ್ಲೇ ಇರುತ್ತವೆ. ಮೈನ್‌ಕ್ರಾಫ್ಟ್, ಕೌಂಟರ್ ಸ್ಟ್ರೈಕ್, ಫೈವ್‌ಎಂ ಮೂಲಕ ಆಡುವ ಜಿಟಿಎ 5 ಮುಂತಾದವುಗಳ ರೀತಿ ಬೇರೆ. ಅಲ್ಲಿ ಆಟಗಾರರೇ ಸರ್ವರ್ ನಡೆಸಬಹುದು, ತಮಗೆ ಬೇಕಾದ ನಿಯಮ ಹಾಕಿಕೊಳ್ಳಬಹುದು, ತಮ್ಮ ಭಾಷೆಯವರನ್ನಷ್ಟೇ ಸೇರಿಸಿಕೊಳ್ಳಬಹುದು. ಇವುಗಳಿಗೆ ಸಮುದಾಯ ಸರ್ವರ್ ಎನ್ನುತ್ತಾರೆ. ಇಂಥ ಸರ್ವರ್ ನಡೆಸುವವರು ಆಡಲು ಬಂದವರಿಂದ ಯಾವುದಕ್ಕೆ ಹಣ ಪಡೆಯಬಹುದು, ಯಾವುದಕ್ಕೆ ಪಡೆಯಬಾರದು ಎಂಬುದನ್ನು ಆಟದ ಕಂಪನಿಗಳು 2014ರಿಂದೀಚೆಗೆ ಒಂದರ ಹಿಂದೆ ಒಂದರಂತೆ ಕಟ್ಟುಮಾಡಿವೆ.

ಹಣದ ಪ್ರಶ್ನೆ ಏಳುವುದು ಖರ್ಚಿನಿಂದ. ಮೈನ್‌ಕ್ರಾಫ್ಟ್‌ನ ಸರ್ವರ್ ತಂತ್ರಾಂಶವನ್ನು ಕಂಪನಿ ಪುಕ್ಕಟೆ ಕೊಡುತ್ತದೆ. ನಾಲ್ಕೈದು ಗೆಳೆಯರು ಆಡುವುದಾದರೆ ಮನೆಯ ಕಂಪ್ಯೂಟರೇ ಸಾಕು. ಐವತ್ತು ಜನ ಬರತೊಡಗಿದರೆ ಡೇಟಾ ಸೆಂಟರಿನಲ್ಲಿ ಜಾಗ ಬಾಡಿಗೆಗೆ ಹಿಡಿಯಬೇಕು, ಅದಕ್ಕೆ ತಿಂಗಳು ತಿಂಗಳು ಹಣ ಕಟ್ಟಬೇಕು. ಬೇಕಾಬಿಟ್ಟಿ ದಾಳಿ ಮಾಡಿ ಸರ್ವರನ್ನು ಕುಸಿಯುವಂತೆ ಮಾಡುವವರಿಂದ ರಕ್ಷಣೆ ಬೇಕೆಂದರೆ ಇನ್ನಷ್ಟು ಖರ್ಚು. ಸರ್ವರ್ ಆಟಗಾರನಿಗೆ ಹತ್ತಿರವಿದ್ದಷ್ಟೂ ಒಳ್ಳೆಯದು. ಗುಂಡಿ ಒತ್ತಿದ್ದಕ್ಕೂ ಪರದೆಯ ಮೇಲೆ ಏಟು ಬಿದ್ದದ್ದಕ್ಕೂ ನಡುವಿನ ವಿಳಂಬಕ್ಕೆ, ಅಂದರೆ ಪಿಂಗ್‌ಗೆ, ದೂರವೇ ಒಂದು ಮುಖ್ಯ ಕಾರಣ. ಅಮೆಜಾನ್ ತನ್ನ ಕ್ಲೌಡ್ ಕೇಂದ್ರವನ್ನು ಮುಂಬಯಿಯಲ್ಲಿ ತೆರೆದದ್ದು 2016ರಲ್ಲಿ, ಹೈದರಾಬಾದಿನಲ್ಲಿ 2022ರಲ್ಲಿ. ಹುಮನಾಬಾದ್ ಮತ್ತು ಬಸವಕಲ್ಯಾಣದ ನಡುವಿನ ರಾಜೇಶ್ವರದಂಥ ಊರಿಗೆ ಬೆಂಗಳೂರಿಗಿಂತ ಹೈದರಾಬಾದೇ ಎಷ್ಟೋ ಹತ್ತಿರ. ಅಲ್ಲಿನ ಹುಡುಗ ಯುರೋಪಿನ ಸರ್ವರಿಗೆ ಹೋಗಿ ಆಡುವುದಕ್ಕೂ ಹೈದರಾಬಾದಿನದಕ್ಕೆ ಹೋಗಿ ಆಡುವುದಕ್ಕೂ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸವಿದೆ. ಭಾರತದಲ್ಲೇ ಬಾಡಿಗೆಗೆ ಸರ್ವರ್ ಹಿಡಿದು ಭಾರತದ ಹುಡುಗರನ್ನೇ ಸೇರಿಸುವ ಗುಂಪುಗಳು ಬೆಳೆದದ್ದಕ್ಕೆ ಇದೂ ಒಂದು ಕಾರಣ. ಅಗ್ಗದ ಡೇಟಾ ಮತ್ತು ಯುಪಿಐ, ಎರಡೂ 2016ರಲ್ಲೇ ಬಂದವು. ಐವತ್ತು ರೂಪಾಯಿ ವಸೂಲು ಮಾಡುವುದಕ್ಕೂ ಕೊಡುವುದಕ್ಕೂ ಆಮೇಲೆ ಬ್ಯಾಂಕ್ ಕಾರ್ಡ್ ಬೇಕಾಗಲಿಲ್ಲ.

ಮೊದಮೊದಲು ಈ ವಸೂಲಿಗೆ ದೇಣಿಗೆ ಎಂದೇ ಹೆಸರು. ಕೊಟ್ಟವರ ಹೆಸರಿನ ಮುಂದೆ ಬಣ್ಣದ ಅಕ್ಷರದಲ್ಲಿ ಒಂದು ಬಿರುದು ಕಾಣಿಸುತ್ತಿತ್ತು, ಅಷ್ಟೇ. ಬಿರುದಿನ ಜೊತೆಗೆ ಒಂದು ವಜ್ರದ ಕತ್ತಿಯನ್ನೂ ಕೊಟ್ಟರೆ ದೇಣಿಗೆ ಹೆಚ್ಚು ಬರುತ್ತದೆ ಎಂಬುದು ಬೇಗ ಗೊತ್ತಾಯಿತು. ಹಾರುವ ಶಕ್ತಿ, ಸತ್ತರೂ ಸಾಮಾನು ಕಳೆದುಹೋಗದ ಸೌಲಭ್ಯ, ಮೇಲಿಂದ ಮೇಲೆ ಏರುವ ಐದಾರು ‘ರ‍್ಯಾಂಕ್’ಗಳು, ಒಳಗೆ ಏನಿದೆಯೆಂದು ತೆರೆದ ಮೇಲಷ್ಟೇ ತಿಳಿಯುವ ಅದೃಷ್ಟದ ಪೆಟ್ಟಿಗೆಗಳು ಒಂದೊಂದಾಗಿ ಸೇರಿಕೊಂಡವು. ಮೈನ್‌ಕ್ರಾಫ್ಟ್ ಸರ್ವರುಗಳಿಗೆಂದೇ ಅಂಗಡಿ ತೆರೆದುಕೊಡುವ ಬೈಕ್ರಾಫ್ಟ್ ಎಂಬ ಸೇವೆಯೂ ಹುಟ್ಟಿತು. ಇವತ್ತು ಅದರ ಹೆಸರು ಟೆಬೆಕ್ಸ್. ದೊಡ್ಡ ಸರ್ವರುಗಳು ಹವ್ಯಾಸದ ಹಂತ ದಾಟಿ ನೌಕರರನ್ನು ಇಟ್ಟುಕೊಂಡು ನಡೆಯುವ ವ್ಯಾಪಾರಗಳಾದವು.

ಕಂಪನಿಗೆ ಇದರಲ್ಲಿ ಬಾಯಿ ಹಾಕುವ ಹಕ್ಕು ಬರುವುದು ಹಕ್ಕುಸ್ವಾಮ್ಯದಿಂದ. ಅಂಗಡಿಯಲ್ಲಿ ಆಟ ಕೊಂಡವನಿಗೆ ಸಿಗುವುದು ಆಟದ ಒಡೆತನವಲ್ಲ, ಬಳಸುವ ಪರವಾನಗಿ ಮಾತ್ರ. ಆಟ ಹಾಕಿಕೊಳ್ಳುವಾಗ ಯಾರೂ ಓದದೆ ‘ಒಪ್ಪಿದೆ’ ಎಂದು ಒತ್ತುವ ಉದ್ದನೆಯ ಪತ್ರದಲ್ಲಿ ಆ ಪರವಾನಗಿಯ ಷರತ್ತುಗಳಿರುತ್ತವೆ. ಭಾರತದಲ್ಲಿಯೂ 1957ರ ಹಕ್ಕುಸ್ವಾಮ್ಯ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿಯಂತೆಯೇ ಕಾಪಾಡುತ್ತದೆ. ಬೇರೆಯವರ ಆಟದ ಮೇಲೆ ಹಣ ಮಾಡುವವರನ್ನು ಕಂಪನಿ ತಡೆದದ್ದು ಮೈನ್‌ಕ್ರಾಫ್ಟ್‌ನಲ್ಲೇ ಮೊದಲೂ ಅಲ್ಲ. ಗಂಟೆಗಿಷ್ಟು ಎಂದು ಹಣ ಪಡೆದು ಕೌಂಟರ್ ಸ್ಟ್ರೈಕ್ ಆಡಿಸುತ್ತಿದ್ದ ಸೈಬರ್ ಕೆಫೆಗಳಿಗೆ ಪ್ರತ್ಯೇಕ ಪರವಾನಗಿ ಬೇಕು ಎಂದು ಅಮೆರಿಕದ ವಾಲ್ವ್ ಕಂಪನಿ 2002ರಲ್ಲೇ ಪಟ್ಟು ಹಿಡಿದು, ಕೆಫೆಗಳಿಗೆ ಆಟ ಹಂಚುತ್ತಿದ್ದ ತನ್ನ ಪ್ರಕಾಶಕ ಸಂಸ್ಥೆಯ ಮೇಲೇ ದಾವೆ ಹೂಡಿತ್ತು. 2004ರಲ್ಲಿ ನ್ಯಾಯಾಲಯ ವಾಲ್ವ್‌ನ ಪರವಾಗಿ ನಿಂತಿತು. ಅದೇ ಕಾಲಕ್ಕೆ ಕರ್ನಾಟಕದ ಊರೂರುಗಳ ಕೆಫೆಗಳಲ್ಲಿ ಅದೇ ಆಟ ನಡೆಯುತ್ತಿತ್ತು. ಪರವಾನಗಿಯ ಮಾತು ಅಲ್ಲಿಯವರೆಗೆ ಬಂದು ಮುಟ್ಟಿದ್ದು ಕಡಿಮೆ.

ಸಮುದಾಯ ಸರ್ವರುಗಳ ಗಳಿಕೆಯ ಮೇಲೆ ನಿಜವಾದ ಜಟಾಪಟಿ ನಡೆದದ್ದು 2014ರ ಜೂನ್ ತಿಂಗಳಲ್ಲಿ. ಮೈನ್‌ಕ್ರಾಫ್ಟ್ ರೂಪಿಸಿದ ಸ್ವೀಡನ್ನಿನ ಮೊಜಾಂಗ್ ಕಂಪನಿಯ ಪರವಾನಗಿಯಲ್ಲಿ, ನಮ್ಮ ಆಟದಿಂದ ನೀವು ಹಣ ಮಾಡುವಂತಿಲ್ಲ ಎಂಬ ಸಾಲು ಮೊದಲಿನಿಂದಲೂ ಇತ್ತು. ಯಾರೂ ಅದನ್ನು ಜಾರಿಗೆ ತಂದಿರಲಿಲ್ಲ. ಕತ್ತಿ, ಶಕ್ತಿ ಮಾರುವ ಸರ್ವರುಗಳು ಈ ಷರತ್ತನ್ನು ಮುರಿಯುತ್ತಿವೆ ಎಂದು ಕಂಪನಿಯ ನೌಕರರು ಬಹಿರಂಗವಾಗಿ ಹೇಳಿದ ಮೇಲೆ ಸರ್ವರ್ ನಡೆಸುವವರು ಸಿಡಿದೆದ್ದರು. ಹೊರಗಿನ ಸರ್ವರುಗಳಲ್ಲಿ ಮಕ್ಕಳು ನೂರಾರು ಡಾಲರ್ ಕಳೆದುಕೊಂಡರೆಂದು ತಂದೆತಾಯಂದಿರು ಮೊಜಾಂಗ್‌ಗೆ ಪತ್ರ ಬರೆಯುತ್ತಿದ್ದರು, ಹಣ ವಾಪಸು ಕೇಳುತ್ತಿದ್ದರು. ಆ ಹಣ ಮೊಜಾಂಗ್‌ಗೆ ಬಂದೇ ಇರಲಿಲ್ಲ. ಕೆಟ್ಟ ಹೆಸರು ಮಾತ್ರ ಬರುತ್ತಿತ್ತು.

ಜೂನ್ 12ರಂದು ಕಂಪನಿ ನಿಯಮಗಳನ್ನು ಬಿಡಿಸಿ ಹೇಳಿತು, ತಿದ್ದಿಕೊಳ್ಳಲು ಆಗಸ್ಟ್ 1ರ ತನಕ ಗಡುವು ಕೊಟ್ಟಿತು. ಊರಿನ ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಿ ಗೊತ್ತಿದ್ದವರಿಗೆ ಈ ನಿಯಮಗಳು ಕಷ್ಟವೇನಲ್ಲ. ಎಲ್ಲ ತಂಡಗಳಿಂದಲೂ ಒಂದೇ ಮೊತ್ತದ ಪ್ರವೇಶ ಶುಲ್ಕ ತೆಗೆದುಕೊಳ್ಳಬಹುದು. ಮೈದಾನದ ಸುತ್ತ ಅಂಗಡಿಯವರ ಬ್ಯಾನರ್ ಕಟ್ಟಿ ಹಣ ಪಡೆಯಬಹುದು. ಊರ ಹಿರಿಯರು ಚಂದಾ ಕೊಟ್ಟರೆ ಮೈಕಿನಲ್ಲಿ ಅವರ ಹೆಸರು ಹೇಳಬಹುದು. ಬಣ್ಣದ ಜೆರ್ಸಿ ಮಾರಬಹುದು. ಆದರೆ ಐನೂರು ರೂಪಾಯಿ ಹೆಚ್ಚು ಕೊಟ್ಟ ತಂಡದ ಬ್ಯಾಟ್ಸ್‌ಮನ್ ಮೊದಲ ಸಲ ಬೌಲ್ಡ್ ಆದರೆ ಔಟ್ ಅಲ್ಲ ಎಂದು ಮಾತ್ರ ಹೇಳುವಂತಿಲ್ಲ. ಮೊಜಾಂಗ್ ಹೇಳಿದ್ದು ಇಷ್ಟೇ: ಎಲ್ಲರಿಗೂ ಒಂದೇ ದರದ ಪ್ರವೇಶ, ಜಾಹೀರಾತು, ಪ್ರಾಯೋಜಕರು, ದೇಣಿಗೆ, ಟೋಪಿ ಮತ್ತು ಸಾಕುಪ್ರಾಣಿಯಂಥ ಅಲಂಕಾರದ ಮಾರಾಟ, ಇವಕ್ಕೆಲ್ಲ ಒಪ್ಪಿಗೆ. ಆಟದ ಬಲಾಬಲ ಬದಲಿಸುವ ಯಾವುದನ್ನೂ ಮಾರಬಾರದು, ಆಟದೊಳಗಿನ ನಾಣ್ಯವನ್ನು ನಿಜವಾದ ಹಣಕ್ಕೆ ಕೊಡಬಾರದು, ಸರ್ವರ್ ಕಂಪನಿಯದೇ ಎಂದು ಕೊಳ್ಳುವವರಿಗೆ ಅನಿಸುವಂತೆ ಮಾಡಬಾರದು. ಅಲಂಕಾರಗಳಲ್ಲಿ ಬೆನ್ನಿಗೆ ಹಾಕುವ ಕೇಪ್ ಒಂದನ್ನು ಕಂಪನಿ ತನಗೇ ಮೀಸಲಿಟ್ಟುಕೊಂಡಿತು.

ಗೆರೆ ಸರಿಯಾದ ಜಾಗದಲ್ಲೇ ಬಿದ್ದಿತ್ತು. ಆದರೂ ಕೂಗಾಟ ನಿಲ್ಲಲಿಲ್ಲ. ಬಲವನ್ನು ಮಾರಿಯೇ ಬಾಡಿಗೆ ಕಟ್ಟುತ್ತಿದ್ದವರು ಅಲಂಕಾರ ಮಾರಿ ಅಷ್ಟು ಗಳಿಸಲಾಗದೆ ಹೋದರು. ಆಟವನ್ನು ಹುಟ್ಟುಹಾಕಿದ ಮಾರ್ಕಸ್ ಪರ್ಸನ್, ಒಳ್ಳೆಯದು ಮಾಡಲು ಹೋಗಿ ಬೈಸಿಕೊಳ್ಳುವುದು ಸಾಕಾಗಿದೆ, ತನ್ನ ಪಾಲನ್ನು ಯಾರಾದರೂ ಕೊಳ್ಳುತ್ತೀರಾ ಎಂದು ಅದೇ ತಿಂಗಳು ಟ್ವಿಟರಿನಲ್ಲಿ ಕೇಳಿದರು. ಬೇಸತ್ತು ಬರೆದ ಆ ಮಾತಿನಿಂದಲೇ ಮಾತುಕತೆ ಶುರುವಾಗಿ, 2014ರ ಸೆಪ್ಟೆಂಬರ್ 15ರಂದು ಮೈಕ್ರೋಸಾಫ್ಟ್ ಕಂಪನಿ ಮೊಜಾಂಗನ್ನು 250 ಕೋಟಿ ಡಾಲರಿಗೆ ಕೊಳ್ಳುವುದಾಗಿ ಘೋಷಿಸಿತು. ಬಾಡಿಗೆ ಸರ್ವರುಗಳ ಚಿಲ್ಲರೆ ವ್ಯಾಪಾರದ ಜಗಳವೊಂದು ಆಟದ ಲೋಕದ ಅತಿ ದೊಡ್ಡ ಮಾರಾಟಗಳಲ್ಲಿ ಒಂದಕ್ಕೆ ನೆಪವಾಯಿತು.

ನಿಯಮ ಬಂದರೂ ಎರಡು ವರ್ಷ ಅದಕ್ಕೆ ಹಲ್ಲಿರಲಿಲ್ಲ. 2016ರಲ್ಲಿ ಮೈನ್‌ಕ್ರಾಫ್ಟ್‌ನ 1.9.3 ಆವೃತ್ತಿಯೊಳಗೆ ನಿಷೇಧಿತ ಸರ್ವರುಗಳ ಪಟ್ಟಿ ಸೇರಿತು. ಪಟ್ಟಿಯಲ್ಲಿರುವ ವಿಳಾಸಕ್ಕೆ ಆಟಗಾರ ಹೋಗಲು ನೋಡಿದರೆ ಆಟವೇ ಅವನನ್ನು ತಡೆಯುತ್ತದೆ. ಇದರಲ್ಲೊಂದು ವಿಚಿತ್ರವಿದೆ. ತಪಾಸಣೆ ನಡೆಯುವುದು ಆಟಗಾರನ ಕಂಪ್ಯೂಟರಿನಲ್ಲಿರುವ ಅಧಿಕೃತ ಆಟದೊಳಗೆ. ಭಾರತದಲ್ಲಿ ಮೂಲ ಆಟದ ಬೆಲೆ ಕೊಡಲಾಗದ ಎಷ್ಟೋ ಮಕ್ಕಳು ಆಡುವುದು ‘ಕ್ರ್ಯಾಕ್’ ಮಾಡಿದ ಪ್ರತಿಗಳಲ್ಲಿ, ಅಂಥವರನ್ನು ಒಳಗೆ ಬಿಡುವ ಸರ್ವರುಗಳಲ್ಲಿ. ಅಲ್ಲಿ ಮೊಜಾಂಗ್‌ನ ಲಾಗಿನ್ನೇ ಇಲ್ಲ. ಅಂದರೆ ಆಟವನ್ನು ದುಡ್ಡು ಕೊಟ್ಟು ಕೊಂಡ ಮಗುವನ್ನು ಕಾಪಾಡುವ ನಿಯಮ, ಕೊಳ್ಳಲಾಗದ ಮಗುವಿನ ಹತ್ತಿರ ಸುಳಿಯುವುದೂ ಕಷ್ಟ. ಎಲ್ಲಕ್ಕಿಂತ ನಾಚಿಕೆಯಿಲ್ಲದ ರ‍್ಯಾಂಕ್ ಮಾರಾಟ ಈಗಲೂ ನಡೆಯುವುದು ಅಂಥ ಕಡೆಯೇ.

ನಿಯಮ ಪಾಲಿಸಿದವರ ಗತಿ ಏನಾಯಿತು ಎಂಬುದಕ್ಕೆ ಹೈಪಿಕ್ಸೆಲ್ ಒಳ್ಳೆಯ ಉದಾಹರಣೆ. 2013ರಲ್ಲಿ ಶುರುವಾದ ಆ ಸರ್ವರ್ ಮೈನ್‌ಕ್ರಾಫ್ಟ್ ಲೋಕದಲ್ಲೇ ಅತಿ ದೊಡ್ಡದಾಗಿ ಬೆಳೆಯಿತು. 2014ರ ನಿಯಮಗಳು ತಮ್ಮ ಆದಾಯದ ಬಹುಪಾಲನ್ನು ಕಸಿದವು ಎಂದು ಅದರ ಸ್ಥಾಪಕರು ಆಮೇಲೆ ಹೇಳಿಕೊಂಡರು. ಬೇರೆಯವರ ಆಟದ ಮೇಲೆ ಬದುಕು ಕಟ್ಟುವುದು ಅಪಾಯ ಎಂದು ಅರಿತ ಅವರು ತಮ್ಮದೇ ಆಟ ಹೈಟೇಲ್ ಅನ್ನು ಕಟ್ಟಲು ಹೊರಟು 2018ರಲ್ಲಿ ಅದನ್ನು ಪ್ರಕಟಿಸಿದರು. ರಾಯಟ್ ಗೇಮ್ಸ್ 2020ರಲ್ಲಿ ಆ ಸ್ಟುಡಿಯೋವನ್ನು ಕೊಂಡಿತು, 2025ರ ಜೂನ್‌ನಲ್ಲಿ ಆಟವನ್ನೇ ಕೈಬಿಟ್ಟಿತು. ಅದೇ ವರ್ಷ ನವೆಂಬರಿನಲ್ಲಿ ಸ್ಥಾಪಕರಲ್ಲೊಬ್ಬರು ಅದನ್ನು ಮರಳಿ ಕೊಂಡರು.

ಈ ನಡುವೆ ಮೈಕ್ರೋಸಾಫ್ಟ್ ಸುಮ್ಮನೆ ಕುಳಿತಿರಲಿಲ್ಲ. 2017ರಲ್ಲಿ ಮೈನ್‌ಕ್ರಾಫ್ಟ್ ಮಾರ್ಕೆಟ್‌ಪ್ಲೇಸ್ ತೆರೆದು, ‘ಮೈನ್‌ಕಾಯಿನ್’ ಎಂಬ ನಾಣ್ಯವನ್ನು ನಿಜವಾದ ಹಣಕ್ಕೆ ಮಾರತೊಡಗಿತು. ಮೊಬೈಲ್ ಆವೃತ್ತಿಯ ಮೆನುವಿನಲ್ಲಿ ಕೆಲವೇ ಪಾಲುದಾರ ಸರ್ವರುಗಳ ಹೆಸರು ಕಾಣುವಂತೆ ಮಾಡಿ, ಅವುಗಳ ಮಾರಾಟವೂ ಅದೇ ಅಂಗಡಿಯ ಮೂಲಕ ನಡೆಯುವ ಏರ್ಪಾಡು ಮಾಡಿತು. ಮಕ್ಕಳ ರಕ್ಷಣೆ ಎಂಬ ಕಾರಣ ಸುಳ್ಳಲ್ಲ. ಆದರೆ ರಕ್ಷಣೆಗೆಂದು ಹಾಕಿದ ಬೇಲಿಯೊಳಗೆ ಕಂಪನಿ ತನ್ನದೇ ಅಂಗಡಿ ಇಟ್ಟಿತು ಎಂಬುದೂ ಸುಳ್ಳಲ್ಲ.

ವಾಲ್ವ್ ಕಂಪನಿಯ ಕಥೆ ಇನ್ನೂ ನೇರ. ಅದರ ಕೌಂಟರ್ ಸ್ಟ್ರೈಕ್: ಗ್ಲೋಬಲ್ ಆಫೆನ್ಸಿವ್ ಆಟದಲ್ಲಿ ಬಂದೂಕಿನ ಬಣ್ಣಬಣ್ಣದ ‘ಸ್ಕಿನ್’ಗಳಿಗೆ ಸಾವಿರಗಟ್ಟಲೆ ಡಾಲರ್ ಕೊಡುವವರಿದ್ದರು. ಕೆಲವು ಸಮುದಾಯ ಸರ್ವರುಗಳು ಪ್ಲಗಿನ್ ಹಾಕಿ, ಆ ಸ್ಕಿನ್ ಕೊಳ್ಳದವನ ಕೈಯಲ್ಲೂ ಅದನ್ನು ತೋರಿಸತೊಡಗಿದವು, ಅದಕ್ಕೆ ಅಲ್ಪಸ್ವಲ್ಪ ಹಣ ಪಡೆದವು. ವಾಲ್ವ್ 2015ರಲ್ಲಿ ಪ್ರತಿ ಸರ್ವರಿಗೂ ಒಂದು ಗುರುತಿನ ಟೋಕನ್ ಕಡ್ಡಾಯ ಮಾಡಿತು. ಆ ಟೋಕನ್, ಸರ್ವರ್ ನಡೆಸುವವನ ಸ್ಟೀಮ್ (ವಾಲ್ವ್‌ನ ಆಟದಂಗಡಿ) ಖಾತೆಗೂ ಫೋನ್ ನಂಬರಿಗೂ ಹೊಂದಿಕೊಂಡಿರುತ್ತದೆ. ಸುಳ್ಳು ಸ್ಕಿನ್ ತೋರಿಸಿದ್ದು ಸಿಕ್ಕಿಬಿದ್ದರೆ ಆ ಖಾತೆಯಿಂದ ಮತ್ತೆ ಸರ್ವರ್ ನಡೆಸುವಂತಿಲ್ಲ. ಮೊಜಾಂಗ್ ಬಲದ ಮಾರಾಟ ನಿಲ್ಲಿಸಿ ಅಲಂಕಾರಕ್ಕೆ ಬಿಟ್ಟುಕೊಟ್ಟರೆ, ವಾಲ್ವ್ ತಡೆದದ್ದು ಅಲಂಕಾರವನ್ನೇ. ಎರಡೂ ಕಡೆ ಕಂಪನಿಯ ಆದಾಯ ಎಲ್ಲಿಂದ ಬರುತ್ತದೋ ಅಲ್ಲೇ ಗೆರೆ ಗಟ್ಟಿಯಾಗಿದೆ.

ಜಿಟಿಎ ಆಟದ ಕಥೆಗೆ ಕರ್ನಾಟಕದ ನಂಟಿದೆ. ಅದನ್ನು ರೂಪಿಸುವ ರಾಕ್‌ಸ್ಟಾರ್ ಕಂಪನಿಯ ಭಾರತದ ಸ್ಟುಡಿಯೋ ಇರುವುದು ಬೆಂಗಳೂರಿನಲ್ಲಿ. ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ, ಭಾರತದ ಮೊದಮೊದಲ ಆಟದ ಸ್ಟುಡಿಯೋಗಳಲ್ಲಿ ಒಂದಾದ ಧ್ರುವ ಇಂಟರಾಕ್ಟಿವ್ ಅನ್ನು ರಾಕ್‌ಸ್ಟಾರ್ 2019ರಲ್ಲಿ ಸುಮಾರು 79 ಲಕ್ಷ ಡಾಲರಿಗೆ ಕೊಂಡು ತನ್ನ ಬೆಂಗಳೂರು ಸ್ಟುಡಿಯೋದೊಂದಿಗೆ ಸೇರಿಸಿಕೊಂಡಿತು. ಜಿಟಿಎ ಆಟವನ್ನು ಭಾರತದ ಹುಡುಗರು ಹೆಚ್ಚಾಗಿ ನೋಡುವುದು ಮಾತ್ರ ರಾಕ್‌ಸ್ಟಾರ್‌ನ ಅಧಿಕೃತ ಸರ್ವರಿನಲ್ಲಿ ಅಲ್ಲ. ಫೈವ್‌ಎಂ ಎಂಬ ಹೊರಗಿನ ತಂತ್ರಾಂಶದ ಮೇಲೆ ನಡೆಯುವ ‘ರೋಲ್‌ಪ್ಲೇ’ ಸರ್ವರುಗಳಲ್ಲಿ. ಅಲ್ಲಿ ಒಬ್ಬ ಪೊಲೀಸ್ ಪೇದೆಯ ಪಾತ್ರ ಹಾಕಿದರೆ ಇನ್ನೊಬ್ಬ ಟ್ಯಾಕ್ಸಿ ಓಡಿಸುತ್ತಾನೆ, ಮತ್ತೊಬ್ಬ ದರೋಡೆ ಮಾಡಿ ಸಿಕ್ಕಿಬೀಳುತ್ತಾನೆ. ಒಂದು ರೀತಿಯಲ್ಲಿ ಇದು ಮುಗಿಯದ ಬಯಲಾಟ. ಲೆಗಸಿ, ಸೋಲ್‌ಸಿಟಿ, ಹೈಡ್ರಾ ಟೌನ್ ಎಂಬ ಭಾರತೀಯ ಸರ್ವರುಗಳ ಹೆಸರು ಯೂಟ್ಯೂಬಿನ ಗೇಮಿಂಗ್ ಚಾನೆಲ್ ನೋಡುವವರಿಗೆಲ್ಲ ಪರಿಚಿತ.

ಫೈವ್‌ಎಂ ಬಗ್ಗೆ ರಾಕ್‌ಸ್ಟಾರ್‌ನ ಧೋರಣೆ ಎಂಟು ವರ್ಷದಲ್ಲಿ ತಿರುವುಮುರುವಾಯಿತು. 2015ರಲ್ಲಿ ಅದು ಕಳ್ಳಪ್ರತಿಗೆ ಅನುಕೂಲ ಮಾಡುವ ಅನಧಿಕೃತ ಸೇವೆ ಎಂದು ಹೇಳಿ ಅದನ್ನು ಕಟ್ಟಿದವರ ಖಾತೆಗಳನ್ನು ಮುಚ್ಚಿತು. 2022ರ ನವೆಂಬರಿನಲ್ಲಿ ರೋಲ್‌ಪ್ಲೇ ಸರ್ವರುಗಳಿಗೆ ಷರತ್ತಿನ ಒಪ್ಪಿಗೆ ಕೊಟ್ಟಿತು. ಷರತ್ತುಗಳಲ್ಲಿ ದೊಡ್ಡವು ಹಣದವೇ: ಅದೃಷ್ಟದ ಪೆಟ್ಟಿಗೆ ಮಾರಬಾರದು, ಆಟದ ಹಣ ಮಾರಬಾರದು, ಕಂಪನಿಗಳ ಪ್ರಾಯೋಜಕತ್ವ ಪಡೆಯಬಾರದು, ಕ್ರಿಪ್ಟೋ ನಾಣ್ಯವನ್ನಾಗಲಿ ಎನ್‌ಎಫ್‌ಟಿ ಎಂಬ ಡಿಜಿಟಲ್ ಆಸ್ತಿಪತ್ರವನ್ನಾಗಲಿ ತರಬಾರದು, ನಿಜವಾದ ಬ್ರ್ಯಾಂಡುಗಳ ಹೆಸರು, ಚಿಹ್ನೆ ಬಳಸಬಾರದು. ಭಾರತದ ಸರ್ವರಿನಲ್ಲಿ ಮಹೀಂದ್ರ ಥಾರ್ ಓಡಿಸುವ ಆಸೆಯೂ ಕೊನೆಯ ಷರತ್ತಿಗೆ ಸಿಕ್ಕಿಬೀಳುತ್ತದೆ. 2023ರ ಆಗಸ್ಟ್ 11ರಂದು ಫೈವ್‌ಎಂ ನಡೆಸುವ ಸಿಎಫ್‌ಎಕ್ಸ್ ತಂಡವನ್ನೇ ರಾಕ್‌ಸ್ಟಾರ್ ತನ್ನೊಳಗೆ ಸೇರಿಸಿಕೊಂಡಿತು. ಫೈವ್‌ಎಂ ಸರ್ವರುಗಳ ವ್ಯವಹಾರ ಟೆಬೆಕ್ಸ್ ಮೂಲಕವೇ ನಡೆಯಬೇಕು ಎಂಬ ನಿಯಮವೂ ಇರುವುದರಿಂದ, ಯಾರು ಏನನ್ನು ಎಷ್ಟಕ್ಕೆ ಮಾರಿದರು ಎಂಬ ಲೆಕ್ಕ ಒಂದೇ ಕಡೆ ಕೂಡುತ್ತದೆ. ಆಟದ ಹಣ ಮಾರಬಾರದು ಎಂಬ ಷರತ್ತನ್ನು ಓದುವಾಗ ಒಂದು ಸಂಗತಿ ನೆನಪಿರಬೇಕು: ರಾಕ್‌ಸ್ಟಾರ್ ತನ್ನ ಜಿಟಿಎ ಆನ್‌ಲೈನ್‌ನಲ್ಲಿ ‘ಶಾರ್ಕ್ ಕಾರ್ಡ್’ ಎಂಬ ಹೆಸರಿನಲ್ಲಿ ಮಾರುವುದು ಆಟದ ಹಣವನ್ನೇ.

ಎನ್‌ಎಫ್‌ಟಿ ವಿಷಯದಲ್ಲಿ ಮಾತ್ರ ಕಂಪನಿಗಳ ಮೇಲೆ ಯಾರೂ ಹೆಚ್ಚು ಸಿಟ್ಟಾಗಲಿಲ್ಲ. ಮೈನ್‌ಕ್ರಾಫ್ಟ್ ಸರ್ವರಿನೊಳಗಿನ ಜಾಗವನ್ನು ತುಂಡು ಮಾಡಿ ಡಿಜಿಟಲ್ ಆಸ್ತಿಪತ್ರವೆಂದು ಮಾರುವ ಯೋಜನೆಗಳು ಹುಟ್ಟಿಕೊಂಡಾಗ ಮೊಜಾಂಗ್ 2022ರ ಜುಲೈ 20ರಂದು ಅವನ್ನು ನಿಷೇಧಿಸಿತು. ಕೆಲವರಿಗೆ ಮಾತ್ರ ಸಿಗುವ ವಸ್ತು, ಲಾಭದ ಆಸೆ, ಹೊರಗಿನ ಮಾರುಕಟ್ಟೆಯ ಏರಿಳಿತ, ಇವು ಮಕ್ಕಳ ಆಟಕ್ಕೆ ಹೊಂದುವುದಿಲ್ಲ ಎಂಬುದು ಕೊಟ್ಟ ಕಾರಣ.

ಭಾರತದಲ್ಲಿ ಕಂಪನಿಯ ಷರತ್ತಿನ ಮೇಲೆ ಈಗ ಕಾನೂನಿನ ಇನ್ನೊಂದು ಪದರ ಬಂದಿದೆ. ಇಲ್ಲಿನ ಸಣ್ಣ ಊರುಗಳಲ್ಲಿ ಸಮುದಾಯ ಸರ್ವರಿಗಿಂತ ಹೆಚ್ಚು ಪರಿಚಿತವಾದದ್ದು ‘ಕಸ್ಟಮ್ ರೂಮ್’. ಫ್ರೀ ಫೈರ್ ಮ್ಯಾಕ್ಸ್ ಅಥವಾ ಬಿಜಿಎಂಐನಲ್ಲಿ ಒಬ್ಬ ಕೋಣೆ ತೆರೆಯುತ್ತಾನೆ, ಬಂದವರಿಂದ ಇಪ್ಪತ್ತೋ ಐವತ್ತೋ ಯುಪಿಐ ಮಾಡಿಸಿಕೊಳ್ಳುತ್ತಾನೆ, ಗೆದ್ದವನಿಗೆ ಒಂದು ಪಾಲು ಕೊಟ್ಟು ಉಳಿದದ್ದನ್ನು ತಾನಿಟ್ಟುಕೊಳ್ಳುತ್ತಾನೆ. ಇದು ಟೂರ್ನಿಯೋ ಜೂಜೋ? ಕರ್ನಾಟಕ ಸರ್ಕಾರ 2021ರ ಅಕ್ಟೋಬರಿನಲ್ಲಿ ಜಾರಿಗೆ ತಂದ ಪೊಲೀಸ್ ಕಾಯ್ದೆಯ ತಿದ್ದುಪಡಿ, ಹಣ ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ಕೌಶಲ, ಅದೃಷ್ಟ ಎಂದು ನೋಡದೆ ನಿಷೇಧಿಸಿತ್ತು. ಹೈಕೋರ್ಟ್ 2022ರ ಫೆಬ್ರುವರಿ 14ರಂದು ಅದರ ಮುಖ್ಯ ಭಾಗಗಳನ್ನು ರದ್ದುಮಾಡಿತು. 2025ರ ಆಗಸ್ಟ್ 22ರಂದು ರಾಷ್ಟ್ರಪತಿಯವರ ಅಂಕಿತ ಪಡೆದ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ರದ್ದಾದ ಆ ತಿದ್ದುಪಡಿಯ ನಿಲುವನ್ನೇ ದೇಶಕ್ಕೆಲ್ಲ ಹಿಗ್ಗಿಸಿತು. ಗೆದ್ದರೆ ಹಣ ಬರುತ್ತದೆಂಬ ನಿರೀಕ್ಷೆಯಲ್ಲಿ ಶುಲ್ಕ ಅಥವಾ ಪಣ ಕಟ್ಟಿ ಆಡುವುದೆಲ್ಲ ಅದರ ಪ್ರಕಾರ ‘ಹಣದ ಆಟ’. ಅದನ್ನು ನಡೆಸುವವರಿಗೆ 3 ವರ್ಷದ ತನಕ ಸೆರೆ, 1 ಕೋಟಿ ರೂಪಾಯಿಯ ತನಕ ದಂಡ. ಆಡುವವನಿಗೆ ಶಿಕ್ಷೆಯಿಲ್ಲ. ಮಾನ್ಯತೆ ಪಡೆದ ಇ-ಸ್ಪೋರ್ಟ್ಸ್ ಸ್ಪರ್ಧೆಗಳ ನೋಂದಣಿ ಶುಲ್ಕಕ್ಕೂ ಬಹುಮಾನಕ್ಕೂ ವಿನಾಯಿತಿ ಇದೆ; ಪಣವಿಲ್ಲದ ಆಟಕ್ಕೆ ಚಂದಾ ಅಥವಾ ಪ್ರವೇಶ ಶುಲ್ಕ ಪಡೆಯುವುದಕ್ಕೂ ಅಡ್ಡಿಯಿಲ್ಲ. ಈ ಕಾಯ್ದೆಯನ್ನು ಪ್ರಶ್ನಿಸಿ ಕರ್ನಾಟಕ ಹೈಕೋರ್ಟಿಗೂ ಅರ್ಜಿ ಹೋಗಿತ್ತು. ಬೇರೆ ಬೇರೆ ಹೈಕೋರ್ಟುಗಳ ಅರ್ಜಿಗಳನ್ನೆಲ್ಲ ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರಿನಲ್ಲಿ ತನ್ನಲ್ಲಿಗೆ ವರ್ಗಾಯಿಸಿಕೊಂಡಿತು.

ಈ ಅಳತೆಗೋಲಿನಲ್ಲಿ ನೋಡಿದರೆ ಟೋಪಿ ಮಾರುವ ಮೈನ್‌ಕ್ರಾಫ್ಟ್ ಸರ್ವರಿಗೆ ಭಯವಿಲ್ಲ. ಹಣ ಕೂಡಿಸಿ ಗೆದ್ದವನಿಗೆ ಹಂಚುವ ಮೊಹಲ್ಲಾದ ಕಸ್ಟಮ್ ರೂಮಿಗೆ ಭಯವಿದೆ. ನಡೆಸುವ ಹುಡುಗನಿಗೇ ಹದಿನೆಂಟು ತುಂಬಿಲ್ಲದಿದ್ದರೆ ತೊಡಕು ಮತ್ತೊಂದು ಬಗೆಯದು.

ಕೊಳ್ಳುವ ಮಗುವಿಗೂ ಕಾನೂನಿನ ಆಸರೆ ಸ್ವಲ್ಪ ಇದೆ. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವರ ಕರಾರು ಊರ್ಜಿತವಲ್ಲ. 1903ರ ಮೊಹೊರಿ ಬೀಬಿ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ ಇದನ್ನು ಖಚಿತಪಡಿಸಿದೆ. ಹಣ ವಾಪಸು ಕೇಳುವ ವಾದ ಹಾಗಾಗಿ ಗಟ್ಟಿಯೇ. ಆದರೆ ಕೇಳುವುದು ಯಾರನ್ನು? ಸಮುದಾಯ ಸರ್ವರಿನಲ್ಲಿ ಕಳೆದ ಹಣವನ್ನು ಆಟದ ಕಂಪನಿ ಹಿಂದಿರುಗಿಸುವುದಿಲ್ಲ, ಏಕೆಂದರೆ ಅದು ಅವರ ಕೈ ಸೇರಿರುವುದಿಲ್ಲ. ಹೆಸರಿಲ್ಲದ ಯುಪಿಐ ಐಡಿಗೆ ಕಳಿಸಿದ್ದನ್ನು ಹುಡುಕುವುದು ಕಷ್ಟ. ಟೆಬೆಕ್ಸ್‌ನಂಥ ಅಂಗಡಿಯ ಮೂಲಕ ಕೊಟ್ಟದ್ದಕ್ಕೆ ರಸೀದಿಯಾದರೂ ಉಳಿದಿರುತ್ತದೆ. ಮನೆಯ ಮಗು ಯಾವುದಾದರೂ ಸರ್ವರಿನಲ್ಲಿ ರ‍್ಯಾಂಕ್ ಕೊಳ್ಳಬೇಕು ಎಂದರೆ, ಅದರಿಂದ ಸಿಗುವುದು ಬಣ್ಣವೋ ಬಲವೋ ಎಂದು ಕೇಳಿ ನೋಡಬೇಕು. ಬಲವಾದರೆ ಆ ಸರ್ವರ್ ಬಹುಪಾಲು ನಿಯಮ ಮುರಿದೇ ನಡೆಯುತ್ತಿರುತ್ತದೆ, ಮುಚ್ಚಿಹೋದ ದಿನ ಕೊಟ್ಟ ಹಣವೂ ಹೋಗುತ್ತದೆ. ಮೋಸವಾಗಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ, ಕೊಂಡ ಸೇವೆಯ ಬಗ್ಗೆ ತಕರಾರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.